ಬೇಡಿಕೆಯಿಂದ ವಿನ್ಯಾಸಕ್ಕೆ: ಒಂದು ಸೇತುವೆಯ ಚರಿತ್ರೆ

ಸಾಫ್ಟ್‌ವೇರ್ ಕಟ್ಟುವವರು ಮೊದಲು ‘ಏನು ಬೇಕು?’ ಎಂದು ಬಳಕೆದಾರರನ್ನು ಕೇಳುತ್ತಾರೆ. ಅದು ವಿಶ್ಲೇಷಣೆ. ಆಮೇಲೆ ‘ಹೇಗೆ ಕಟ್ಟೋಣ?’ ಎಂದು ಯೋಚಿಸುತ್ತಾರೆ. ಅದು ವಿನ್ಯಾಸ. ಈ ಎರಡರ ನಡುವಿನ ಕಂದಕವನ್ನು ದಾಟಿದ್ದು ಹೇಗೆ ಎನ್ನುವುದೇ ಇಂದಿನ ಮಾತು.

1968ರ ಅಕ್ಟೋಬರ್‌ನಲ್ಲಿ ನಾವಿರುವ ಜರ್ಮನಿಯದೇ ಗಾರ್ಮಿಶ್ ಊರಲ್ಲಿ ನ್ಯಾಟೋ ಒಂದು ಸಮ್ಮೇಳನ ನಡೆಸಿತು. ತಡವಾಗುವ, ದುಬಾರಿಯಾಗುವ, ಬೇಕಾದ ಕೆಲಸ ಮಾಡದ ಸಾಫ್ಟ್‌ವೇರ್ ಬಗ್ಗೆ ಅಲ್ಲಿ ಚರ್ಚೆಯಾಯಿತು.

ಮುಂದಿನ ದಶಕದಲ್ಲಿ ಎರಡು ಬಗೆಯ ಚಿತ್ರಗಳು ಬಂದವು. ಟಾಮ್ ಡಿಮಾರ್ಕೊ 1978ರ ಪುಸ್ತಕದಲ್ಲಿ ವಿಶ್ಲೇಷಣೆಗೆ ಗುಳ್ಳೆ-ಬಾಣಗಳ ಚಿತ್ರ ಬಳಸಿದರು. ಮಾಹಿತಿ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಅದು ತೋರಿಸುತ್ತದೆ; ಅಲ್ಲಿ ಯಜಮಾನ ಯಾರೂ ಇಲ್ಲ. ಲ್ಯಾರಿ ಕಾನ್‌ಸ್ಟಂಟೈನ್ ಮತ್ತು ಎಡ್ವರ್ಡ್ ಯೋರ್ಡನ್ ಅವರ ವಿನ್ಯಾಸದ ಚಿತ್ರದಲ್ಲಾದರೋ ಮೇಲೊಬ್ಬ ಯಜಮಾನ, ಕೆಳಗೆ ಆಳುಗಳು. ಒಂದರಿಂದ ಇನ್ನೊಂದಕ್ಕೆ ಹೋಗಲು ನಡುವಿನ ಗುಳ್ಳೆಯನ್ನು ಎತ್ತಿ ತಲೆಯ ಮೇಲಿಡಬೇಕು, ಉಳಿದವನ್ನು ಕೆಳಗೆ ತೂಗುಹಾಕಬೇಕು. ಇದು ಅನುವಾದವೇ ಸರಿ. ಅನುವಾದ ಮಾಡಿದವರಿಗೆ ಗೊತ್ತು, ಭಾಷೆ ಬದಲಾದಾಗ ಅರ್ಥ ಸೋರುತ್ತದೆ. ಮುಂದೆ ವಿನ್ಯಾಸವನ್ನಷ್ಟೇ ತಿದ್ದುತ್ತ ಹೋದರೆ, ಯಾರು ಏನು ಕೇಳಿದ್ದರು ಎಂಬುದೇ ಮರೆತುಹೋಗುತ್ತದೆ.

ಸೇತುವೆಯ ಮೊದಲ ಕಲ್ಲು ಅಷ್ಟರಲ್ಲಾಗಲೇ ಓಸ್ಲೋದಲ್ಲಿ ಬಿದ್ದಿತ್ತು. 1960ರ ದಶಕದಲ್ಲಿ ಓಲೆ-ಯೊಹಾನ್ ದಾಲ್ ಮತ್ತು ಕ್ರಿಸ್ಟೆನ್ ನ್ಯೂಗೋರ್ ಸಿಮುಲಾ ಭಾಷೆ ರೂಪಿಸಿದರು. ಲೋಕದಲ್ಲಿರುವ ವಸ್ತುವಿಗೆ ಪ್ರೋಗ್ರಾಂನಲ್ಲೂ ಅದೇ ಹೆಸರಿನ ವಸ್ತು. ಹೀಗೆ ಎರಡೂ ದಡಕ್ಕೆ ಒಂದೇ ಭಾಷೆ ಸಿಕ್ಕಿತು.

ಎರಡನೆಯ ಕಲ್ಲು ಇಟ್ಟವರು ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ದುಡಿದಿದ್ದ ಈವಾರ್ ಯಾಕಬ್‌ಸನ್. ಸಂಗಡಿಗರೊಂದಿಗೆ ಬರೆದ 1992ರ ಪುಸ್ತಕದಲ್ಲಿ ಅವರು ತೆಗೆದುಕೊಂಡ ಉದಾಹರಣೆ ನಿಮಗೆಲ್ಲ ಗೊತ್ತಿರುವಂಥದ್ದೇ: ಖಾಲಿ ಬಾಟಲಿ ವಾಪಸ್ ಪಡೆಯುವ ಯಂತ್ರ. ಗಿರಾಕಿ ಬಾಟಲಿ ಹಾಕುತ್ತಾನೆ, ಯಂತ್ರ ಎಣಿಸುತ್ತದೆ, ಚೀಟಿ ಕೊಡುತ್ತದೆ. ಇಂಥ ಸರಳ ಕಥೆಗೆ ‘ಯೂಸ್ ಕೇಸ್’ ಎಂದು ಹೆಸರು. ಗಿರಾಕಿಯೂ ಇದನ್ನು ಓದಿ ‘ಹೌದು, ಇದೇ ಬೇಕು’ ಎನ್ನಬಹುದು. ಆಮೇಲೆ ಅದೇ ಕಥೆಯಿಂದ ಮೂರು ಬಗೆಯ ವಸ್ತುಗಳನ್ನು ಆರಿಸುತ್ತಾರೆ: ಗಿರಾಕಿಯೊಡನೆ ವ್ಯವಹರಿಸುವವು, ಮಾಹಿತಿ ನೆನಪಿಡುವವು, ಕೆಲಸ ನಡೆಸುವವು. ವಿನ್ಯಾಸ ಇವುಗಳಿಂದಲೇ ಬೆಳೆಯುತ್ತದೆ. 1997ರಲ್ಲಿ ಯುಎಂಎಲ್ ಮಾನದಂಡವಾದಾಗ ಯೂಸ್ ಕೇಸ್ ಕೂಡ ಅದರೊಳಗಿತ್ತು.

ಕಥೆಯೊಂದರಿಂದಲೇ ಎಲ್ಲ ಮುಗಿಯುವುದಿಲ್ಲ. ಯಂತ್ರ ಎಷ್ಟು ಬೇಗ ಎಣಿಸಬೇಕು ಎಂಬುದನ್ನು ಬೇರೆಯಾಗಿಯೇ ಬರೆಯಬೇಕು. ಆದರೆ ನಾಳೆ ನೀವು ಇದೇ ಕೆಲಸಕ್ಕೆ ಹೋದರೆ, ಕಟ್ಟುವ ಪ್ರತಿಯೊಂದು ಭಾಗಕ್ಕೂ ‘ಇದನ್ನು ಕೇಳಿದವರು ಯಾರು?’ ಎಂದು ಕೇಳಿಕೊಳ್ಳಿ. ಉತ್ತರ ಸಿಕ್ಕರೆ ಸೇತುವೆ ಗಟ್ಟಿಯಾಗಿದೆ ಎಂದರ್ಥ.