ಲೈನಿನ ಕೊನೆಯ ಪೆಟ್ಟಿಗೆ

ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸುವವರು ಮೊದಲು ಪ್ರೊಸೆಸರ್ ನೋಡುತ್ತಾರೆ, ಆಮೇಲೆ ಮದರ್‌ಬೋರ್ಡು, ರ‍್ಯಾಮು, ಡಿಸ್ಕು. ಇವಕ್ಕೆಲ್ಲ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಎಂಬ ತಗಡಿನ ಪೆಟ್ಟಿಗೆಗೆ ಉಳಿದ ದುಡ್ಡು ಸಲ್ಲುತ್ತದೆ; ಎಷ್ಟೋ ಸಲ ಅದು ಕ್ಯಾಬಿನೆಟ್ಟಿನ ಜೊತೆಗೇ ಬಂದದ್ದಾಗಿರುತ್ತದೆ. ಸುಳ್ಯದಂಥ ಊರಿನಲ್ಲಿ ಈ ಲೆಕ್ಕ ಮೊದಲಿಂದಲೂ ತಲೆಕೆಳಗಾಗಿತ್ತು ಎಂಬುದು ನನ್ನ ವಾದ. ವಿದ್ಯುತ್ ಕೇಂದ್ರದಿಂದ ಹೊರಟು ಕಾಡು, ತೋಟ, ಗುಡ್ಡ ದಾಟಿ ಬರುವ ಲೈನಿನ ಕಟ್ಟಕಡೆಯ ಕೊಂಡಿ ಈ ಪೆಟ್ಟಿಗೆ. ಅದು ಎಂಥದ್ದಿರಬೇಕು ಎಂಬುದನ್ನು ಅಂಗಡಿಯ ಬೆಲೆಪಟ್ಟಿಗಿಂತ ಆ ಲೈನಿನ ಚರಿತ್ರೆಯೇ ಚೆನ್ನಾಗಿ ಹೇಳುತ್ತದೆ.

1957ರಲ್ಲಿ ಸ್ಥಾಪನೆಯಾದ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಇಲ್ಲಿನ ವಿತರಣೆ ಮೆಸ್ಕಾಂ ಪಾಲಿಗೆ ಬಂತು. ಬಿಲ್ಲಿನ ಮೇಲಿನ ಹೆಸರು ಬದಲಾದರೂ ಸುಳ್ಯಕ್ಕೆ ಕರೆಂಟು ಬರುವ ದಾರಿ ಬೇಗ ಬದಲಾಗಲಿಲ್ಲ. ಪುತ್ತೂರು ಕಡೆಯಿಂದ ಬರುವ ಉದ್ದದ 33 ಕೆ.ವಿ. ಲೈನೇ ತಾಲೂಕಿನ ಆಧಾರವಾಗಿ ಉಳಿಯಿತು. ಮಾಡಾವಿನಿಂದ ಸುಳ್ಯಕ್ಕೆ 110 ಕೆ.ವಿ. ಲೈನು ಬರಬೇಕೆಂಬ ಬೇಡಿಕೆ ವರ್ಷಗಟ್ಟಲೆ ಎಳೆಯಿತು. ಈ ಎರಡು ಅಂಕಿಗಳ ನಡುವಿನ ಅಂತರ ಸಣ್ಣದಲ್ಲ. ಅಷ್ಟೇ ವಿದ್ಯುತ್ತನ್ನು ಅಂಥದೇ ತಂತಿಯಲ್ಲಿ 33ರ ಬದಲು 110 ಕೆ.ವಿ.ಯಲ್ಲಿ ಸಾಗಿಸಿದರೆ ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ ಹನ್ನೊಂದನೇ ಒಂದು ಪಾಲಿಗೆ ಇಳಿಯುತ್ತದೆ. ಲೈನಿನ ಇನ್ನೊಂದು ತುದಿಯಲ್ಲಿ ಅಡಿಕೆ ತೋಟಗಳಿವೆ. ಮಳೆ ನಿಂತ ಮೇಲೆ ಮೇ ಕೊನೆಯ ಪತ್ತನಾಜೆಯ ಹೊತ್ತಿನವರೆಗೆ ತೋಟಕ್ಕೆ ನೀರು ಬೇಕು. ಕಟ್ಟ ಕಟ್ಟಿ ಹಳ್ಳದ ನೀರು ಹಾಯಿಸುತ್ತಿದ್ದ ಕಾಲ ಹೋಗಿ ಪಂಪು, ಸ್ಪ್ರಿಂಕ್ಲರ್ ಬಂದ ಮೇಲೆ ಆ ಹೊರೆಯೆಲ್ಲ ಇದೇ ಲೈನಿನ ಮೇಲೆ ಬಿತ್ತು. ಪಂಪುಗಳೆಲ್ಲ ಒಟ್ಟಿಗೆ ಓಡಿದಾಗ ವೋಲ್ಟೇಜ್ ಕುಸಿಯುತ್ತದೆ, ಒಟ್ಟಿಗೆ ನಿಂತಾಗ ಏರುತ್ತದೆ. ಘೋಷಿತ ವೋಲ್ಟೇಜಿನಿಂದ ಶೇ. 6ಕ್ಕಿಂತ ಹೆಚ್ಚು ಕಡಮೆಯಾಗಬಾರದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳು ಹೇಳಿದ್ದವು. 230ಕ್ಕೆ ಲೆಕ್ಕ ಹಾಕಿದರೆ ಅದು ಸುಮಾರು 216ರಿಂದ 244. ಲೈನಿನ ಕೊನೆಯ ಮನೆಗಳ ಬಲ್ಬಿಗೆ ಆ ನಿಯಮದ ಪರಿಚಯ ಅಷ್ಟಾಗಿ ಇರಲಿಲ್ಲ.

ಇಂಥ ಕರೆಂಟಿನ ಜೊತೆ ಬದುಕಲು ಜನ ಕಲಿತರು. ವೋಲ್ಟೇಜ್ ಇಳಿದಾಗ ಬಲ್ಬು ಮಂಕಾಗುತ್ತದೆ, ಫ್ಯಾನು ನಿಧಾನವಾಗುತ್ತದೆ; ಎರಡಕ್ಕೂ ಅದರಿಂದ ಅಪಾಯವಿಲ್ಲ. ಫ್ರಿಜ್ಜಿಗೂ ಟಿ.ವಿ.ಗೂ ಸ್ಟೆಬಿಲೈಸರ್ ಬಂತು. ಈ ಅನುಭವದಿಂದ ಮೂಡಿದ ನಂಬಿಕೆ, ವೋಲ್ಟೇಜ್ ಇಳಿದರೆ ಯಂತ್ರ ಕಡಿಮೆ ಕರೆಂಟು ಎಳೆಯುತ್ತದೆ ಎಂಬುದು. ಕಂಪ್ಯೂಟರ್ ಈ ನಂಬಿಕೆಯನ್ನು ಸುಳ್ಳು ಮಾಡಿತು. 1977ರ ಆ್ಯಪಲ್ 2ಕ್ಕೆ ರಾಡ್ ಹೋಲ್ಟ್ ಸ್ವಿಚಿಂಗ್ ಬಗೆಯ ಪೂರೈಕೆ ರೂಪಿಸಿದ ಮೇಲೆ ಭಾರದ ಟ್ರಾನ್ಸ್‌ಫಾರ್ಮರ್ ಹೋಗಿ ಹಗುರ ಪೆಟ್ಟಿಗೆ ವೈಯಕ್ತಿಕ ಕಂಪ್ಯೂಟರುಗಳಲ್ಲಿ ನೆಲೆಯೂರಿತು. 1981ರ ಐಬಿಎಂ ಪಿ.ಸಿ.ಯ ಪೆಟ್ಟಿಗೆ 63.5 ವ್ಯಾಟಿನದು. ಎಸ್‌ಎಂಪಿಎಸ್ ತನ್ನ ಹೊರೆಗೆ ಬೇಕಾದಷ್ಟು ಶಕ್ತಿಯನ್ನು ಹೇಗಾದರೂ ಎಳೆದೇ ಎಳೆಯುತ್ತದೆ: 300 ವ್ಯಾಟಿಗೆ 230 ವೋಲ್ಟಿನಲ್ಲಿ ಸುಮಾರು 1.3 ಆಂಪಿಯರ್ ಸಾಕಾದರೆ, 160 ವೋಲ್ಟಿನಲ್ಲಿ ಸುಮಾರು 1.9 ಬೇಕು. ಬಲ್ಬು ಮಂಕಾಗುವ ಹೊತ್ತಿನಲ್ಲಿ ಎಸ್‌ಎಂಪಿಎಸ್ಸಿನ ಒಳಗಿನ ಸ್ವಿಚ್ಚುಗಳು ಹೆಚ್ಚು ಬಿಸಿಯಾಗುತ್ತವೆ. ದುರ್ಬಲ ಲೈನಿನ ಶಿಕ್ಷೆ ಮೊದಲು ಬೀಳುವುದು ಅಗ್ಗದ ಪೆಟ್ಟಿಗೆಯ ಮೇಲೆ.

ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ನೆಹರೂ ಮೆಮೋರಿಯಲ್ ಕಾಲೇಜನ್ನೂ 1986ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ ತೆರೆದ ಊರು ಸುಳ್ಯ. ದೊಡ್ಡ ನಗರದಿಂದ ದೂರವಿದ್ದೂ ಕಂಪ್ಯೂಟರ್ ಬೇಕಾದ ಮನೆಗಳು ಇಲ್ಲಿ ಹುಟ್ಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಕಂಪನಿಯ ಸೆಟ್ಟಿಗಿಂತ ಅಸೆಂಬಲ್ಡ್ ಸೆಟ್ಟು ಅಗ್ಗ. ಆದರೆ ಅಗ್ಗವಾಗುತ್ತಿದ್ದದ್ದು ಕಣ್ಣಿಗೆ ಕಾಣದ ಕಡೆ. ಕ್ಯಾಬಿನೆಟ್ಟಿನೊಡನೆ ಬರುವ ಪೆಟ್ಟಿಗೆಯ ಮೇಲೆ 450 ವ್ಯಾಟ್ ಎಂದಿದ್ದರೂ ಅದು ಕ್ಷಣಕಾಲದ ಲೆಕ್ಕವೋ ಸತತವಾಗಿ ಕೊಡುವ ಲೆಕ್ಕವೋ ಎಂದು ಕೇಳುವವರು ಕಡಿಮೆ. 1995ರ ಎಟಿಎಕ್ಸ್ ಮಾದರಿಯ ಮೊದಮೊದಲ ಪೆಟ್ಟಿಗೆಗಳಲ್ಲಿ ಹೆಚ್ಚಿನ ಬಲ 5 ಮತ್ತು 3.3 ವೋಲ್ಟಿಗೆ ಮೀಸಲಿತ್ತು. ಪೆಂಟಿಯಂ 4ರ ಕಾಲಕ್ಕೆ ಪ್ರೊಸೆಸರ್ 12 ವೋಲ್ಟಿನ ಕವಲಿನಿಂದ ಎಳೆಯತೊಡಗಿತು. ಹಳೆಯ ಪೆಟ್ಟಿಗೆಯಲ್ಲಿ ಒಟ್ಟು ವ್ಯಾಟು ಸಾಕಷ್ಟಿದ್ದರೂ ಬೇಕಾದ ಕಡೆ ಶಕ್ತಿ ಸಾಲದು. ಹಾಗಾಗಿ ಒಟ್ಟು ಅಂಕಿ ಬಿಟ್ಟು 12 ವೋಲ್ಟಿನ ಸಾಲಿನ ಆಂಪಿಯರ್ ಓದುವುದೇ ಸರಿಯಾದ ಪರೀಕ್ಷೆ.

ಯುಪಿಎಸ್ ಇದ್ದರೆ ಸಾಲದೇ ಎಂಬ ಆಕ್ಷೇಪಕ್ಕೆ ಬಲವಿದೆ. ಕರೆಂಟು ಹೋದಾಗ ಮಾಡಿದ ಕೆಲಸ ಉಳಿಸುವುದು ಅದೇ. ಆದರೆ ಮನೆಗಳಲ್ಲಿರುವ ಸಾಮಾನ್ಯ ಯುಪಿಎಸ್ ಲೈನಿನಿಂದ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಆ ಎಡೆಯನ್ನು ದಾಟಿಸುವುದು ಎಸ್‌ಎಂಪಿಎಸ್ಸಿನ ಒಳಗಿನ ದೊಡ್ಡ ಕೆಪಾಸಿಟರ್. ಒಳ್ಳೆಯದು ಪೂರ್ಣ ಹೊರೆಯಲ್ಲೂ 16 ಮಿಲಿಸೆಕೆಂಡಿನಷ್ಟು ಹಿಡಿದು ನಿಲ್ಲುತ್ತದೆ. ಅಲ್ಲಿ ಉಳಿತಾಯ ಮಾಡಿದ್ದು ನಿಲ್ಲಲಾರದೆ ಯಂತ್ರ ರೀಸ್ಟಾರ್ಟ್ ಆಗುತ್ತದೆ. ಸಂಜೆಯಿಡೀ ವೋಲ್ಟೇಜ್ ಕುಸಿದರೆ ಯುಪಿಎಸ್ ಬ್ಯಾಟರಿಗೆ ಹೋಗಿ ಹೋಗಿ ಖಾಲಿಯಾಗುತ್ತದೆ. 100ರಿಂದ 240 ವೋಲ್ಟಿನವರೆಗೆ ತಾನೇ ಹೊಂದಿಕೊಳ್ಳುವ ಆಕ್ಟಿವ್ ಪಿಎಫ್‌ಸಿ ಪೆಟ್ಟಿಗೆಗೆ ಅದೇ ಸಂಜೆ ಸಾಮಾನ್ಯ ಸಂಜೆ. ಅಂಥದ್ದಕ್ಕೆ ಸೈನ್ ವೇವ್ ಕೊಡುವ ಇನ್ವರ್ಟರ್ ಬೇಕೆಂಬುದನ್ನು ಮಾತ್ರ ಮರೆಯಬಾರದು. ಚೌಕ ಅಲೆಯಲ್ಲಿ ಕೆಲವು ಮುಗ್ಗರಿಸುತ್ತವೆ.

ಮಳೆನಾಡಿನ ದೊಡ್ಡ ಶತ್ರುಗಳು ಬೇರೆಯೇ ಇವೆ. ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ಮಾತ್ರ ತುಂಡಾದರೆ ಒಂದು ಫೇಸಿನ ಮನೆಗೆ 230ರ ಬದಲು 400ರ ಹತ್ತಿರ ಬರಬಹುದು. ಅದರ ತುತ್ತತುದಿ 560 ವೋಲ್ಟು ದಾಟುತ್ತದೆ. ಎಸ್‌ಎಂಪಿಎಸ್ಸಿನ ಒಳಗಿನ ಕೆಪಾಸಿಟರಿನ ತಾಳಿಕೆ 400, 450 ವೋಲ್ಟು ಮಾತ್ರ. ಏಪ್ರಿಲ್–ಮೇ ತಿಂಗಳ ಸಿಡಿಲಂತೂ ಮುರಕಲ್ಲಿನ ನೆಲ ಒಣಗಿ ಅರ್ತಿಂಗ್ ಸೋತಿರುವ ಹೊತ್ತಿಗೇ ಬರುತ್ತದೆ. ಆಗ ಎಂಥ ಎಸ್‌ಎಂಪಿಎಸ್ ಆದರೇನು ಎಂದು ಕೇಳಬಹುದು. ಸೋಲುವ ಬಗೆಯಲ್ಲಿ ವ್ಯತ್ಯಾಸವಿದೆ. ಒಳಗೆ ಓವರ್ ವೋಲ್ಟೇಜ್ ರಕ್ಷಣೆಯಿರುವ ಪೆಟ್ಟಿಗೆ ಕೆಟ್ಟರೂ ಬಹುಮಟ್ಟಿಗೆ ಒಂಟಿಯಾಗಿ ಕೆಡುತ್ತದೆ. ಇಲ್ಲದ್ದು ಮದರ್‌ಬೋರ್ಡನ್ನೂ ಡಿಸ್ಕನ್ನೂ ಕರೆದುಕೊಂಡು ಹೋಗುತ್ತದೆ. ನಂಬಿಕೆಗೆ ಅರ್ಹ ಎಂಬ ಮಾತಿನ ನಿಜವಾದ ಅರ್ಥ ಇಷ್ಟೇ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿಗೆ ನೀರು ಹೊಯ್ಯುವುದೂ ಸಿಡಿಲಿಗೆ ಮೊದಲೇ ಪ್ಲಗ್ಗು ಕೀಳುವುದೂ ಈ ಆಯ್ಕೆಯದೇ ಭಾಗ.

ಲೈನು ಸುಧಾರಿಸಿದರೆ ಈ ಎಚ್ಚರವೆಲ್ಲ ಬೇಡವಾಗುತ್ತದೆ ಎನ್ನುವವರಿದ್ದಾರೆ. ಸುಧಾರಿಸಲೇಬೇಕು, ತಾಲೂಕಿನ ಜನ ಅದನ್ನು ಕೇಳಿದ್ದು ನ್ಯಾಯ. ಆದರೆ 110 ಕೆ.ವಿ. ಕೇಂದ್ರದಿಂದ ಮನೆಯ ಮೀಟರಿನವರೆಗಿನ ತಂತಿ ಮುಂದೆಯೂ ಅದೇ ಮರಗಳ ಕೆಳಗೆ, ಅದೇ ಮಳೆಯಲ್ಲಿ ಸಾಗಬೇಕು. ಅತ್ತ ಕಂಪ್ಯೂಟರಿನ ಹಸಿವೂ ಬೆಳೆಯುತ್ತಿದೆ: 63.5 ವ್ಯಾಟಿನಲ್ಲಿ ಇಡೀ ಯಂತ್ರ ನಡೆದ ಕಾಲ ಹೋಗಿ ಈಗ ಗ್ರಾಫಿಕ್ಸ್ ಕಾರ್ಡೊಂದೇ 300 ವ್ಯಾಟು ಮೀರುವುದುಂಟು. ಸರಕಾರ ಕೊಡಬೇಕಾದ ಭದ್ರತೆಯನ್ನು ಗ್ರಾಹಕ ತನ್ನ ದುಡ್ಡಿನಲ್ಲಿ ಕೊಳ್ಳಬೇಕಾಗಿ ಬಂದದ್ದು ಅನ್ಯಾಯವೇ. ಸ್ಟೆಬಿಲೈಸರ್, ಯುಪಿಎಸ್, ಇನ್ವರ್ಟರ್ ಎಲ್ಲವೂ ಆ ಅನ್ಯಾಯದ ರಸೀದಿಗಳು. ಹೇಗೂ ಖರ್ಚು ತಪ್ಪದು ಎಂದಾದ ಮೇಲೆ ಮೊದಲ ರೂಪಾಯಿ ಲೈನಿನ ಕೊನೆಯ ಪೆಟ್ಟಿಗೆಗೆ ಸಲ್ಲಲಿ. ಅಲ್ಲಿಂದ ಮುಂದೆ ಇರುವುದು ಮನೆಯವರ ದುಡಿಮೆ, ಮಕ್ಕಳ ಓದು.