ಯುದ್ಧಾಧಿಕಾರ ನಿರ್ಣಯ, 1973
ಅಮೆರಿಕದ ಅಧ್ಯಕ್ಷರು ಶಾಸಕಾಂಗದ ಒಪ್ಪಿಗೆಯಿಲ್ಲದೆ ಹೊರದೇಶಗಳಲ್ಲಿ ಸೇನೆಯನ್ನು ಕಾದಾಟಕ್ಕಿಳಿಸುವುದಕ್ಕೆ ಕಡಿವಾಣ ಹಾಕಲು ಅಲ್ಲಿನ ಕಾಂಗ್ರೆಸ್ ಮಾಡಿದ ಕಾಯಿದೆ. ಅಲ್ಲಿನ ಸಂವಿಧಾನ ಯುದ್ಧ ಸಾರುವ ಅಧಿಕಾರವನ್ನು ಕಾಂಗ್ರೆಸ್ಸಿಗೂ ಮಹಾದಂಡನಾಯಕನ ಸ್ಥಾನವನ್ನು ಅಧ್ಯಕ್ಷರಿಗೂ ಕೊಟ್ಟಿದೆ. ತಿಕ್ಕಾಟದ ಬೇರು ಇಲ್ಲಿದೆ. 1942ರ ಬಳಿಕ ಅಮೆರಿಕ ವಿಧಿವತ್ತಾಗಿ ಯುದ್ಧ ಘೋಷಿಸಿದ್ದೇ ಇಲ್ಲ, ಯುದ್ಧಗಳು ಮಾತ್ರ ನಿಂತಿಲ್ಲ. ವಿಯೆಟ್ನಾಂ ಯುದ್ಧದಿಂದಲೂ ಕಾಂಬೋಡಿಯದ ಮೇಲಿನ ಗುಟ್ಟಿನ ಬಾಂಬ್ ದಾಳಿಯಿಂದಲೂ ಕೆರಳಿದ ಕಾಂಗ್ರೆಸ್, ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರ ವೀಟೋವನ್ನು ಮೂರನೇ ಎರಡಕ್ಕೂ ಹೆಚ್ಚಿನ ಬಹುಮತದಿಂದ ತಳ್ಳಿಹಾಕಿ 1973ರ ನವೆಂಬರ್ 7ರಂದು ಇದನ್ನು ಜಾರಿಗೆ ತಂದಿತು.

ಸೇನೆ ಕಾದಾಟಕ್ಕಿಳಿದ 48 ಗಂಟೆಗಳೊಳಗೆ ಅಧ್ಯಕ್ಷರು ಕಾಂಗ್ರೆಸ್ಸಿಗೆ ವರದಿ ಸಲ್ಲಿಸಬೇಕು. ಅದರ ಒಪ್ಪಿಗೆ ಸಿಗದಿದ್ದರೆ 60 ದಿನಗಳಲ್ಲಿ ಕಾರ್ಯಾಚರಣೆ ಮುಗಿಸಬೇಕು. ಸುರಕ್ಷಿತ ವಾಪಸಾತಿಗೆ ಅಗತ್ಯವಿದ್ದರೆ ಇನ್ನೂ 30 ದಿನ. ಈ ಗಡುವಿನಿಂದ ನುಣುಚಿಕೊಳ್ಳುವುದು ಅಧ್ಯಕ್ಷರಿಗೆ ಅಷ್ಟೇನೂ ಕಷ್ಟವಾಗಿಲ್ಲ. 2011ರಲ್ಲಿ ಲಿಬಿಯಾ ಕಾರ್ಯಾಚರಣೆ 60 ದಿನ ದಾಟಿದಾಗ ಒಬಾಮಾ ಆಡಳಿತ, ಅದು ಕಾಯಿದೆ ಹೇಳುವ ಕಾದಾಟವೇ ಅಲ್ಲವೆಂದು ವಾದಿಸಿತು (ಬಾಂಬು ಬಿದ್ದ ಊರಿನವರಿಗೆ ಈ ವ್ಯತ್ಯಾಸ ತಿಳಿದಿರಲಾರದು). ಅಧ್ಯಕ್ಷರ ಮುಂದಿಡದ ನಿರ್ಣಯಕ್ಕೆ ಕಾನೂನಿನ ಬಲವಿಲ್ಲವೆಂದ 1983ರ ಚಡ್ಢಾ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ, ಅಧ್ಯಕ್ಷರ ಸಹಿಯಿಲ್ಲದ ನಿರ್ಣಯದಿಂದಲೇ ಸೇನೆಯನ್ನು ವಾಪಸು ಕರೆಸುವ ವಿಧಿಯೂ ದುರ್ಬಲಗೊಂಡಿತು. ಯೆಮೆನ್ (2019), ಇರಾನ್ (2020) ಕಾದಾಟಗಳಿಂದ ಸೇನೆಯನ್ನು ದೂರವಿಡುವ ನಿರ್ಣಯಗಳು ಎರಡೂ ಸದನಗಳಲ್ಲಿ ಗೆದ್ದರೂ ಅಧ್ಯಕ್ಷ ಟ್ರಂಪ್ ವೀಟೋ ಚಲಾಯಿಸಿದರು. ಅದನ್ನು ಮೀರುವಷ್ಟು ಮತ ಸಿಗಲಿಲ್ಲ.