ಕ್ಷುದ್ರಗ್ರಹ ಹಾಗೂ ಕುಬ್ಜಗ್ರಹಗಳ ಮೇಲ್ಮೈ ಅನ್ವೇಷಣೆ

ಪೀಠಿಕೆ

ಸೌರವ್ಯೂಹದಲ್ಲಿ ಎಂಟು ಗ್ರಹಗಳಲ್ಲದೆ ಲಕ್ಷಾಂತರ ಕ್ಷುದ್ರಗ್ರಹಗಳೂ ಕೆಲವು ಕುಬ್ಜಗ್ರಹಗಳೂ ಇವೆ. 1801ರ ಜನವರಿ 1ರಂದು ಇಟಲಿಯ ಖಗೋಳಜ್ಞ ಜ್ಯುಸೆಪ್ಪೆ ಪಿಯಾಜಿ ಅವರು ಪತ್ತೆಹಚ್ಚಿದ ಸಿರಿಸ್, ಕ್ಷುದ್ರಗ್ರಹ ಪಟ್ಟಿಯಲ್ಲಿ ಕಂಡುಬಂದ ಮೊದಲ ಕಾಯವಾಗಿದೆ. 2006ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟವು ಸಿರಿಸ್ ಹಾಗೂ ಪ್ಲೂಟೊಗಳನ್ನು ಕುಬ್ಜಗ್ರಹಗಳ ವರ್ಗಕ್ಕೆ ಸೇರಿಸಿತು. ಎರಡು ಶತಮಾನಗಳ ಕಾಲ ದೂರದರ್ಶಕದಲ್ಲಿ ಬೆಳಕಿನ ಚುಕ್ಕೆಗಳಾಗಿಯೇ ಉಳಿದಿದ್ದ ಇಂತಹ ಕಾಯಗಳ ಮೇಲ್ಮೈಯನ್ನು ಸಮೀಪದಿಂದ ಅರಿಯುವ ಕಾರ್ಯವು ಕಳೆದ ಕೆಲವು ದಶಕಗಳಲ್ಲಷ್ಟೇ ಸಾಧ್ಯವಾಗಿದೆ.

ಅತ್ಯಲ್ಪ ಗುರುತ್ವದ ಸಮಸ್ಯೆ

ಚಿಕ್ಕ ಕ್ಷುದ್ರಗ್ರಹಗಳ ಮೇಲೆ ಇಳಿಯುವುದಕ್ಕೆ ಮುಖ್ಯ ಅಡಚಣೆ ಅವುಗಳ ಅತ್ಯಲ್ಪ ಗುರುತ್ವ. ಸುಮಾರು 900 ಮೀಟರ್ ಅಗಲದ ರ್‍ಯೂಗು ಕ್ಷುದ್ರಗ್ರಹದ ಗುರುತ್ವವು ಭೂಮಿಯ ಗುರುತ್ವದ ಸುಮಾರು ಎಂಬತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಇಂತಹ ನೆಲದಲ್ಲಿ ಚಕ್ರಗಳಿಗೆ ಹಿಡಿತ ದೊರೆಯದು. ಸ್ವಲ್ಪ ಜೋರಾಗಿ ಪುಟಿದ ವಸ್ತುವು ಮರಳಿ ಬೀಳದೆ ಬಾಹ್ಯಾಕಾಶಕ್ಕೆ ಹೊರಟುಹೋಗಬಹುದು. ಆದುದರಿಂದ 2018ರಲ್ಲಿ ಜಪಾನಿನ ಹಯಾಬುಸಾ-2 ನೌಕೆಯು ರ್‍ಯೂಗುವಿನ ಮೇಲೆ ಇಳಿಸಿದ ಪುಟ್ಟ ಯಂತ್ರಗಳಿಗೆ ಚಕ್ರಗಳನ್ನು ಅಳವಡಿಸದೆ, ಕುಪ್ಪಳಿಸುತ್ತಾ ಸಾಗುವಂತೆ ಅವುಗಳನ್ನು ರೂಪಿಸಲಾಗಿತ್ತು.

ಪ್ರಮುಖ ಯೋಜನೆಗಳು

1. ನಿಯರ್ ಶೂಮೇಕರ್: ಅಮೆರಿಕದ ಈ ನೌಕೆಯು 2000ದಲ್ಲಿ ಇರೋಸ್ ಕ್ಷುದ್ರಗ್ರಹದ ಕಕ್ಷೆಯನ್ನು ಸೇರಿತು. ಇಳಿಯುವುದಕ್ಕೆಂದು ನಿರ್ಮಿಸಿದ್ದಲ್ಲವಾದರೂ 2001ರ ಫೆಬ್ರವರಿ 12ರಂದು ಅದರ ಮೇಲ್ಮೈಯನ್ನು ಸುರಕ್ಷಿತವಾಗಿ ಮುಟ್ಟಿ, ಕ್ಷುದ್ರಗ್ರಹವೊಂದರ ಮೇಲೆ ಇಳಿದ ಮೊದಲ ನೌಕೆಯೆನಿಸಿತು.

2. ಹಯಾಬುಸಾ: ಜಪಾನಿನ ಈ ನೌಕೆಯು 2005ರಲ್ಲಿ ಇಟೊಕಾವಾ ಕ್ಷುದ್ರಗ್ರಹವನ್ನು ಮುಟ್ಟಿ, ಅನೇಕ ತೊಂದರೆಗಳ ನಡುವೆಯೂ 2010ರ ಜೂನ್ 13ರಂದು ಅಲ್ಲಿನ ಧೂಳಿನ ಕಣಗಳನ್ನು ಭೂಮಿಗೆ ತಲುಪಿಸಿತು. ಕ್ಷುದ್ರಗ್ರಹದಿಂದ ನೇರವಾಗಿ ತರಲಾದ ಮೊದಲ ಮಾದರಿ ಇದಾಗಿದೆ.

3. ಹಯಾಬುಸಾ-2: 2019ರ ಏಪ್ರಿಲ್‌ನಲ್ಲಿ ತಾಮ್ರದ ಗುಂಡೊಂದನ್ನು ಹಾರಿಸಿ, ರ್‍ಯೂಗುವಿನ ಮೇಲೆ ಹತ್ತು ಮೀಟರಿಗೂ ಅಗಲವಾದ ಕುಳಿಯನ್ನು ಉಂಟುಮಾಡಲಾಯಿತು. 2020ರ ಡಿಸೆಂಬರ್‌ನಲ್ಲಿ ಸುಮಾರು 5.4 ಗ್ರಾಂ ಮಾದರಿಯು ಭೂಮಿಯನ್ನು ತಲುಪಿತು.

4. ಒಸಿರಿಸ್-ರೆಕ್ಸ್: ಬೆನ್ನು ಕ್ಷುದ್ರಗ್ರಹದ ಮೇಲ್ಮೈಯು ಬಹುತೇಕ ಸಣ್ಣ ಕಣಗಳಿಂದ ಕೂಡಿದ ನುಣುಪಾದ ನೆಲವೆಂದು ಭೂಮಿಯಿಂದ ನಡೆಸಿದ ವೀಕ್ಷಣೆಗಳ ಆಧಾರದ ಮೇಲೆ ಊಹಿಸಲಾಗಿತ್ತು. 2018ರಲ್ಲಿ ಅಮೆರಿಕದ ಈ ನೌಕೆಯು ಸಮೀಪಿಸಿದಾಗ ಕಂಡದ್ದು ಎಲ್ಲೆಲ್ಲೂ ಹರಡಿದ ಹೆಬ್ಬಂಡೆಗಳು. 50 ಮೀಟರ್ ಅಗಲದ ಬಯಲಿಗೆಂದು ಯೋಜಿಸಿದ್ದ ಇಳಿಕೆಯನ್ನು ಸುಮಾರು 16 ಮೀಟರ್ ಅಗಲದ ಜಾಗದಲ್ಲಿ ನೆರವೇರಿಸಬೇಕಾಯಿತು. 2020ರ ಅಕ್ಟೋಬರ್ 20ರಂದು ನೌಕೆಯ ತೋಳು ನೆಲವನ್ನು ಮುಟ್ಟಿದಾಗ, ಗಟ್ಟಿಯಾಗಿ ತೋರಿದ್ದ ಆ ನೆಲವು ಹೆಚ್ಚಿನ ಪ್ರತಿರೋಧವಿಲ್ಲದೆ ಸುಮಾರು ಅರ್ಧ ಮೀಟರ್ ಆಳದವರೆಗೆ ಕುಸಿಯಿತು. 2023ರ ಸೆಪ್ಟೆಂಬರ್ 24ರಂದು 121.6 ಗ್ರಾಂ ಮಾದರಿಯು ಭೂಮಿಗೆ ಬಂದಿತು. ಅದರಲ್ಲಿ ಜೀವಿಗಳು ಪ್ರೋಟೀನಿಗಾಗಿ ಬಳಸುವ 20 ಅಮೈನೋ ಆಮ್ಲಗಳ ಪೈಕಿ 14 ದೊರೆತಿರುವುದಾಗಿ 2025ರಲ್ಲಿ ಪ್ರಕಟಿಸಲಾಯಿತು.

ಕುಬ್ಜಗ್ರಹಗಳು

ಕುಬ್ಜಗ್ರಹಗಳ ಮೇಲೆ ಈವರೆಗೆ ಯಾವ ನೌಕೆಯೂ ಇಳಿದಿರುವುದಿಲ್ಲ. ಅವುಗಳ ಪರಿಚಯವಾಗಿರುವುದು ಕಕ್ಷೆಯಿಂದ ಹಾಗೂ ಹಾದುಹೋಗುವಾಗ ಪಡೆದ ಚಿತ್ರಗಳು ಮತ್ತು ಅಳತೆಗಳಿಂದ. ಡಾನ್ ನೌಕೆಯು ವೆಸ್ಟಾ ಕ್ಷುದ್ರಗ್ರಹದ ಅಧ್ಯಯನವನ್ನು ಮುಗಿಸಿ, 2015ರ ಮಾರ್ಚ್ 6ರಂದು ಸಿರಿಸ್‌ನ ಕಕ್ಷೆಯನ್ನು ಸೇರಿತು. ಅಲ್ಲಿನ 92 ಕಿ.ಮೀ. ಅಗಲದ ಆಕೇಟರ್ ಕುಳಿಯಲ್ಲಿ ಹೊಳೆಯುವ ಬಿಳಿ ಕಲೆಗಳು ಮುಖ್ಯವಾಗಿ ಸೋಡಿಯಂ ಕಾರ್ಬೊನೇಟ್‌ನವು ಎಂದು ತಿಳಿದುಬಂದಿತು. ನೆಲದಡಿಯಿಂದ ಮೇಲೆ ಬಂದ ಉಪ್ಪುನೀರು ಆರಿಹೋಗಿ ಈ ಲವಣವು ಉಳಿದಿದೆಯೆಂಬುದು ವಿಜ್ಞಾನಿಗಳ ನಿರ್ಣಯ. 2015ರ ಜುಲೈ 14ರಂದು ನ್ಯೂ ಹೊರೈಜನ್ಸ್ ನೌಕೆಯು ಪ್ಲೂಟೊವಿನ ಪಕ್ಕದಲ್ಲಿ ಹಾದುಹೋಗಿ, ನೀರ್ಗಲ್ಲಿನ ಪರ್ವತಗಳನ್ನೂ ಸಾರಜನಕದ ಹಿಮದಿಂದಾದ ವಿಶಾಲ ಬಯಲನ್ನೂ ತೋರಿಸಿತು.

ಭೂಮಿಯ ರಕ್ಷಣೆ

ಮೇಲ್ಮೈಯ ಅರಿವು ಕೇವಲ ಕುತೂಹಲದ ವಿಷಯವಲ್ಲ. 2022ರ ಸೆಪ್ಟೆಂಬರ್ 26ರಂದು ಡಾರ್ಟ್ ನೌಕೆಯನ್ನು ಸುಮಾರು 160 ಮೀಟರ್ ಅಗಲದ ಡೈಮಾರ್ಫಸ್‌ಗೆ ಉದ್ದೇಶಪೂರ್ವಕವಾಗಿ ಡಿಕ್ಕಿ ಹೊಡೆಸಲಾಯಿತು. ಇದರ ಪರಿಣಾಮವಾಗಿ ಆ ಕಾಯದ ಪರಿಭ್ರಮಣ ಅವಧಿಯು ಅರ್ಧ ಗಂಟೆಗೂ ಹೆಚ್ಚು ಕಡಿಮೆಯಾಯಿತು. ಇದರಲ್ಲಿ ಹೆಚ್ಚಿನ ಪಾಲು, ಡಿಕ್ಕಿಯಿಂದ ಹೊರಚಿಮ್ಮಿದ ಧೂಳು ಮತ್ತು ಕಲ್ಲುಗಳು ಹಿಂದಕ್ಕೆ ನೀಡಿದ ಒತ್ತಡದ್ದು. ಎಷ್ಟು ಚಿಮ್ಮುತ್ತದೆಂಬುದು ನೆಲವು ಬಿಗಿಯೋ ಸಡಿಲವೋ ಎಂಬುದನ್ನು ಅವಲಂಬಿಸಿದೆ. ಡಿಕ್ಕಿಯ ಪರಿಣಾಮವನ್ನು ಸ್ಥಳದಲ್ಲೇ ಪರಿಶೀಲಿಸುವ ಸಲುವಾಗಿ 2024ರ ಅಕ್ಟೋಬರ್ 7ರಂದು ಯುರೋಪಿನ ಹೆರಾ ನೌಕೆಯನ್ನು ಉಡಾಯಿಸಲಾಯಿತು.

ಉಪಸಂಹಾರ

ಬೆನ್ನುವಿನ ನೆಲವು ದೂರದಿಂದ ಒಂದು ಬಗೆಯಾಗಿ, ಹತ್ತಿರದಿಂದ ಇನ್ನೊಂದು ಬಗೆಯಾಗಿ, ಮುಟ್ಟಿದಾಗ ಮತ್ತೊಂದೇ ಬಗೆಯಾಗಿ ಕಂಡುಬಂದಿತು. ಮುಂದೊಂದು ದಿನ ಭೂಮಿಯತ್ತ ಬರುವ ಕಾಯವನ್ನು ಪಕ್ಕಕ್ಕೆ ಸರಿಸಬೇಕಾದಲ್ಲಿ, ಅದನ್ನು ಎಷ್ಟು ಬಲದಿಂದ ತಳ್ಳಬೇಕೆಂಬ ಲೆಕ್ಕಾಚಾರಕ್ಕೆ ಅದರ ಮೇಲ್ಮೈಯ ನೈಜ ಸ್ವರೂಪವನ್ನು ಮೊದಲೇ ಅರಿತಿರುವುದು ಅತ್ಯವಶ್ಯಕವಾಗಿದೆ.